ಮೂರನೆಯ ಕೂಗಿನವರೆಗೆ

ಅಥವಾ ಮೂರು ಸಲವೇ ಕರೆದಿದ್ದರೋ ಏನೋ. ಇಷ್ಟು ವರ್ಷ ಎರಡು ಸಲ ಎಂದೇ ಹೇಳಿಕೊಂಡು ಬಂದಿದ್ದೇನೆ. ಕೇಳಿದವರಿಗೆ ಎರಡು ಬೆರಳು ಎತ್ತಿ ತೋರಿಸಿದ್ದೇನೆ. ಈಗ ಬರೆಯಲು ಕೂತರೆ ಎತ್ತಿದ ಬೆರಳುಗಳ ನೆನಪು ಸ್ಪಷ್ಟವಾಗಿದೆ, ಕೂಗಿನದು ಇಲ್ಲ. ಮಲಗಿ ಮಲಗಿ ಗಟ್ಟಿಯಾದ ಗಾದಿಯನ್ನು ಬಿಚ್ಚಿ ಅರಳೆಯನ್ನು ಮತ್ತೆ ಹಿಂಜಿದರೆ ಅದು ಹೊಸದರಂತೆ ಉಬ್ಬುತ್ತದೆ. ಯಾವ ಎಳೆ ಮೊದಲು ಎಲ್ಲಿತ್ತು ಎಂದು ಮಾತ್ರ ಹಿಂಜಿದವನಿಗೂ ಹೇಳಲಾಗದು. ಇದು ಕಾಕಾ ಹೇಳಿದ ಮಾತು. ಅವರು ಗಾದಿಯ ಬಗ್ಗೆ ಹೇಳಿದ್ದರು, ನಾನು ಅದನ್ನು ಬೇರೆ ಕಡೆಗೆ ಎಳೆಯುತ್ತಿದ್ದೇನೆ.

ಕಾಕಾ ಹತ್ತಿ ಹಿಂಜಿ ಗಾದಿ ಮಾಡುವವರು. ಪಿಂಜಾರರು. ನಾನು ಯಲಬುರ್ಗಿಯ ಸರಕಾರಿ ಸಾಲಿಗೆ ಮಾಸ್ತರನಾಗಿ ಹೋದಾಗ ಅವರ ಮನೆಯ ಮುಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಮೂವತ್ತೆಂಟನೆಯ ಇಸವಿಯೋ ಮೂವತ್ತೊಂಬತ್ತೋ ಇರಬೇಕು. ನಿಜಾಮರ ರಾಜ್ಯ, ಸಾಲಿಯ ಪಾಠ ಉರ್ದುವಿನಲ್ಲಿ, ಕಚೇರಿಯ ಕಾಗದ ಉರ್ದುವಿನಲ್ಲಿ, ಓಣಿಯ ಬಾಯಿ ಕನ್ನಡದಲ್ಲಿ. ಕಾಕಾ ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ, ಕನ್ನಡ ಓದಲೂ ಬರುತ್ತಿರಲಿಲ್ಲ. ನಮಾಜಿನ ಮಾತುಗಳು ಬಾಯಿಪಾಠವಾಗಿದ್ದವು.

ಅವರ ವಯಸ್ಸು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ತಲೆ, ಹುಬ್ಬು, ಗಡ್ಡ, ಕಿವಿಯೊಳಗಿನ ಕೂದಲು, ಎಲ್ಲದರ ಮೇಲೂ ಅರಳೆಯ ಎಳೆ ಕೂತು ಅವರು ಸದಾ ಬೆಳ್ಳಗಿರುತ್ತಿದ್ದರು. ಒಂದು ಈದಿನ ಬೆಳಿಗ್ಗೆ ಮಿಂದು ಹೊರಗೆ ಬಂದ ಮನುಷ್ಯನ ಗಡ್ಡ ಕಪ್ಪಗಿತ್ತು. ಯಾರು ಬೇಕಾಗಿತ್ತು ಎಂದು ನಾನು ಅವರ ಮನೆಯಲ್ಲೇ ಅವರನ್ನು ಕೇಳಿದೆ.

ಪಡಸಾಲೆಯ ತೊಲೆಗೆ ಅವರ ಬಿಲ್ಲು ತೂಗುತ್ತಿತ್ತು. ಅವರಿಗಿಂತ ಉದ್ದದ್ದು, ಅದಕ್ಕೆ ನರದ ಹುರಿ. ಅರಳೆಯ ರಾಶಿಯೊಳಗೆ ಹುರಿಯನ್ನು ಮುಳುಗಿಸಿ ಮರದ ಕೊಡತಿಯಿಂದ ಹೊಡೆದರೆ ಢಂಯ್ ಎಂದು ಸದ್ದಾಗಿ ಹತ್ತಿ ಹೊಗೆಯಂತೆ ಏಳುತ್ತಿತ್ತು. ಗಾಳಿಗೆ ಹಾರಬಾರದೆಂದು ಓಣಿಯ ಕಡೆಯ ಬಾಗಿಲು ಮುಚ್ಚಿರುತ್ತಿದ್ದರು. ಹೀಗಾಗಿ ಅವರ ಬಳಿ ಬಂದವರು ಯಾರೇ ಆಗಲಿ ಮುಚ್ಚಿದ ಬಾಗಿಲ ಹೊರಗೆ ನಿಂತು ಕೂಗಲೇಬೇಕು.

ಮೊದಲ ಕೂಗಿಗೆ ಅವರು ಓ ಅನ್ನುತ್ತಿರಲಿಲ್ಲ. ಎರಡನೆಯದಕ್ಕೂ ಇಲ್ಲ. ಬಿಲ್ಲಿನ ಸದ್ದಿನಲ್ಲಿ ಕೇಳುವುದಿಲ್ಲವೇನೋ ಎಂದು ನಾನು ಮೊದಮೊದಲು ತಿಳಿದಿದ್ದೆ. ಹಾಗಲ್ಲ. ಕೂಗು ಬಂದಾಗ ಅವರ ಎಡಗಣ್ಣು ಸಣ್ಣದಾಗುತ್ತಿತ್ತು, ಎಣಿಸುತ್ತಿದ್ದರು. ಮೂರನೆಯದಕ್ಕೆ ಕೊಡತಿ ಕೆಳಗಿಟ್ಟು, "ಯಾರದು, ಬರ್ರಿ" ಅನ್ನುತ್ತಿದ್ದರು. ಊಟಕ್ಕೆ ಕೂತಾಗ, ಬಿಲ್ಲು ಮುಟ್ಟದಿದ್ದಾಗಲೂ ಹೀಗೆಯೇ. ಹಟ್ಟಿಯ ಮುದುಕಿ ಕರೆದರೂ ಕಚೇರಿಯ ಜವಾನ ಕರೆದರೂ ಇದೇ ಲೆಕ್ಕ. ಬಹಳ ಜನ ಎರಡಕ್ಕೇ ಹೊರಟು ಹೋಗುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ: ನಿಂತು, ಕೂಗಿ, ಮತ್ತೆ ಕೂಗಿ, ತಮಗೆ ಬೇಕಾದದ್ದು ಅಷ್ಟೇನೂ ಬೇಕಿರಲಿಲ್ಲ ಎಂಬುದು ಅಲ್ಲೇ ಹೊಳೆದವರಂತೆ ಧೋತರ ಕೊಡವಿಕೊಂಡು ಹೋಗುತ್ತಿದ್ದರು.

ಒಂದು ಸಲ ದೊಡ್ಡ ಸಾವುಕಾರರ ಮನೆಯ ಆಳು ಬಂದ. ಮದುವೆಗೆ ಹದಿನಾರು ಗಾದಿ ಬೇಕು, ಎಂಟು ದಿನದಲ್ಲಿ. ಎರಡು ಸಲ ಕೂಗಿ ರೇಗಿ ಮೂರನೆಯದಕ್ಕೆ ಬಾಗಿಲನ್ನೇ ಗುದ್ದಿದ. ಒಳಗೆ ಬಂದವನೇ, "ಏನ್ ಕಾಕಾ, ಕಿವಿ ಕೆಟ್ಟಾವೇನು?" ಎಂದ.

"ಕಿವಿ ಛಲೋ ಅದಾವ," ಅಂದರು ಕಾಕಾ. "ಕೈ ಎರಡ ಅದಾವ. ಎರಡೂ ಒಂದ ಗಾದಿ ಮ್ಯಾಲ ಅದಾವ."

ಸಾವುಕಾರರು ಹೇಳಿ ಕಳಿಸಿದ್ದಾರೆ ಎಂದ ಆಳು. ಆಗೂದಿಲ್ಲ ಅಂದರು ಕಾಕಾ. ಯಾಕೆ ಆಗುವುದಿಲ್ಲ ಎಂದ. ಆಗೂದಿಲ್ಲ ಅಂದರು. ಹಾಗಾದರೆ ಹತ್ತು ದಿನಕ್ಕೆ? ಆತನಿಗೆ ಕುಡಿಯಲು ನೀರು ಕೊಟ್ಟರು. ಬಿಸಿಲಲ್ಲಿ ಬಂದಿರುವೆ, ಇನ್ನೊಂದು ತಂಬಿಗೆ ಬೇಕೇ ಎಂದು ಕೇಳಿದರು. ಆತ ಹೊರಡುವಾಗ ಜಗಳ ತೆಗೆಯಲು ಬಂದವನಂತೆ ಇರಲಿಲ್ಲ, ನೀರಿಗೆ ಬಂದವನಂತೆ ಇದ್ದ.

ಕಾರಣವನ್ನಾದರೂ ಹೇಳಬಹುದಾಗಿತ್ತಲ್ಲ ಎಂದೆ ನಾನು. ಕಾಕಾ ನಕ್ಕರು. "ಕಾರಣ ಹೇಳಿದ್ರ ಅದಕ್ಕೊಂದು ಹಿಡಿಕಿ ಹಚ್ಚಿ ಕೊಟ್ಟಂಗ್ರಿ, ಮಾಸ್ತರ. ಹಿಡಕೊಂಡು ಜಗ್ಗತಾರ. ಬರೇ ಆಗೂದಿಲ್ಲ ಅಂದ್ರ ಎಲ್ಲಿ ಹಿಡೀತಾರ?"

ಇನ್ನೊಂದು ಮಾತು ಅವರದೆಂದು ಹೇಳಿಕೊಂಡು ತಿರುಗಿದ್ದೇನೆ: ಮೊದಲ ಕೂಗು ಚಟದ್ದು, ಎರಡನೇದು ಸಿಟ್ಟಿಂದು, ಮೂರನೇದಷ್ಟ ಕೆಲಸದ್ದು. ಇಷ್ಟು ಚೊಕ್ಕಾಗಿ ಅದು ಅವರ ಬಾಯಿಂದ ಬಂದಿರಲಾರದು. ಹಿಂಜಿದವನು ನಾನೇ ಇರಬೇಕು.

ಇದಕ್ಕೆಲ್ಲ ಬೇವೂರಿನದೊಂದು ಕಾರಣವಿತ್ತು. ಅದನ್ನು ಕಾಕಾ ನನಗೆ ಹೇಳಿದರೋ ಓಣಿಯವರು ಹೇಳಿದರೋ ಈಗ ಬೇರ್ಪಡಿಸಲಾರೆ. ಅವರು ಬೇವೂರಿನವರು. ಪ್ಲೇಗು ಬಂದ ಒಂದು ವರ್ಷ ಇಲಿ ಬಿದ್ದ ಕೂಡಲೇ ಊರಿಗೆ ಊರೇ ಮನೆಗಳಿಗೆ ಕೀಲಿ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿತ್ತು. ಆಗ ಕಾಕಾ ಹೊಸದಾಗಿ ಮದುವೆಯಾದವರು. ಒಂದು ದಿನ ನಡುಮಧ್ಯಾಹ್ನ, ಜೋಳದ ದಂಟಿನ ನೆರಳಲ್ಲಿ ಅವರ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಾಗ, ಖಾಲಿ ಊರಿನ ಕಡೆಯಿಂದ ಯಾರೋ ಆಕೆಯ ಹೆಸರು ಹಿಡಿದು ಕರೆದರು. ತಾಯಿಯ ದನಿ ಎಂದಳಂತೆ ಆಕೆ. ತಾಯಿ ಇದ್ದದ್ದು ಗಂಗಾವತಿಯಲ್ಲಿ. "ಬಂದ್ನಿ" ಅಂದು ಎದ್ದವಳು ಯಾರು ತಡೆದರೂ ನಿಲ್ಲದೆ ನಡೆದುಬಿಟ್ಟಳು. ಹೊತ್ತು ಇಳಿದ ಮೇಲೆ ಮರಳಿ ಬಂದು, ಊರಲ್ಲಿ ಯಾರೂ ಇಲ್ಲ, ಎಲ್ಲ ಕೀಲಿ ಹಾಕಿದಂತೆಯೇ ಇವೆ, ಆದರೆ ನಮ್ಮ ಮನೆಯ ಒಲೆ ಬೆಚ್ಚಗಿದೆ ಎಂದಳು. ಕೀಲಿ ಹಾಕಿದ ಮನೆಯ ಒಲೆ ಬೆಚ್ಚಗಿದ್ದದ್ದು ಆಕೆಗೆ ಹೇಗೆ ತಿಳಿಯಿತು ಎಂದು ಯಾರೂ ಕೇಳಲಿಲ್ಲ. ಮೂರನೆಯ ದಿನ ಬಗಲಲ್ಲಿ ಗಂಟು ಎದ್ದಿತು.

ಜೀವ ಇದ್ದವರು ಮೂರು ಸಲ ಕರೆಯುತ್ತಾರೆ, ಉಳಿದದ್ದು ಎರಡಕ್ಕೇ ಬಿಡುತ್ತದೆ. ಇದು ಆ ಸೀಮೆಯಲ್ಲಿ ಎಲ್ಲರೂ ಹೇಳುವ ಮಾತು. ಎಲ್ಲರೂ ಕತ್ತಲಾದ ಮೇಲೆ ಮಾತ್ರ ಪಾಲಿಸುತ್ತಾರೆ. ಕಾಕಾ ಹಗಲಿಗೂ ಹಚ್ಚಿಕೊಂಡರು, ಮನುಷ್ಯರಿಗೂ ಹಚ್ಚಿದರು.

ಆಕೆ ಹೋದ ಮೇಲೆ ಹಾಸಿಗೆಯನ್ನು ಸುಟ್ಟಿದ್ದರು. ಅದರ ಬದಲಿಗೆ ಒಂದು ಗಾದಿ ಮಾಡಿ ಒಳಕೋಣೆಯಲ್ಲಿ ಸುತ್ತಿಟ್ಟಿದ್ದರು. ಅದರ ಮೇಲೆ ಯಾರೂ ಮಲಗಿದವರಲ್ಲ. ಆದರೂ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಹಿಂಜಿ, ಮತ್ತೆ ಹೊಲಿಯುತ್ತಿದ್ದರು. ಆ ನಾಲ್ಕು ದಿನ ಮೂರನೆಯ ಕೂಗಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಮಲಗದ ಗಾದಿ ಯಾಕೆ ಗಟ್ಟಿಯಾಗುತ್ತದೆ ಎಂದು ಕೇಳಬೇಕೆಂದಿದ್ದೆ. ಒಂದು ವರ್ಷ ಬಿಚ್ಚುವಾಗ ಪಕ್ಕದಲ್ಲೇ ಇದ್ದೆ. ಒಂದು ಮಗ್ಗುಲು ತಗ್ಗಾಗಿತ್ತು. ಅಥವಾ ಸುತ್ತಿಟ್ಟಿದ್ದಕ್ಕೆ ಹಾಗೆ ಕಂಡಿರಬೇಕು.

ಈಗ ನನ್ನ ಮಾತು ಸ್ವಲ್ಪ ಬರಲೇಬೇಕು. ಕಾಕಾ ನನಗೆ ಏನಾಗಿದ್ದರು ಎಂಬುದು ಅದಿಲ್ಲದೆ ತಿಳಿಯದು.

ನನಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಊರಲ್ಲಿ ಉರ್ದು ಬರೆಯಬಲ್ಲವರು ಕೆಲವರೇ, ಅವರಲ್ಲಿ ಬೈಯದೆ ಬರೆದುಕೊಡುವವನು ನಾನೊಬ್ಬನೇ. ಹೊಲದ ಬದುವಿನ ತಕರಾರು, ಬಾವಿಯ ಪಾಲು, ಓಡಿಹೋದ ಎತ್ತು, ಯಾರದೋ ತಮ್ಮನ ಮೇಲೆ ಯಾರದೋ ದೂರು: ಎಲ್ಲದಕ್ಕೂ ಅರ್ಜಿ, ಎಲ್ಲ ಅರ್ಜಿಗೂ ನಾನು. ಬದನೆಕಾಯಿಯೋ ಮೊಸರೋ ತಂದಿಟ್ಟು ಕೂತುಬಿಡುತ್ತಿದ್ದರು. ಮಾಸ್ತರ ದೇವರಂಥವನು ಅನ್ನುತ್ತಿದ್ದರು. ದೇವರಿಗೆ ರಜೆ ಇರಲಿಲ್ಲ.

ತಳಕಲ್ಲಿನಲ್ಲಿ ನನ್ನ ಅಕ್ಕ ಇದ್ದಳು. ತಾಯಿ ಸತ್ತ ಮೇಲೆ ನನ್ನನ್ನು ಬೆಳೆಸಿದವಳು. ಆಕೆಯ ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು. ಈಗ ಮತ್ತೆ ಬಸುರಿ. ಬಾಣಂತನಕ್ಕೆ ತವರಿಗೆ ಬರಬೇಕು, ಆದರೆ ತವರು ಎಂದರೆ ನಾನೊಬ್ಬ, ಬಾಡಿಗೆಯ ಕೋಣೆಯ ಬ್ರಹ್ಮಚಾರಿ. ಅದಕ್ಕೆ ಆಕೆಯೇ ದಾರಿ ಹುಡುಕಿದಳು. ತನ್ನ ಹೊಲದಲ್ಲಿ ತಾನೇ ಬಿಡಿಸಿದ ಹತ್ತಿಯ ಒಂದು ಚೀಲ ಕಳಿಸಿ, ತವರಿನ ಲೆಕ್ಕಕ್ಕೆ ಇದರದ್ದೊಂದು ಗಾದಿ ಮಾಡಿಸಿಕೊಂಡು ನೀನೇ ತಗೊಂಡು ಬಾ, ಹೆರಿಗೆಗೆ ಮುಂಚೆ ಬಾ ಎಂದು ಹೇಳಿಸಿದ್ದಳು. ಹೊರಡುತ್ತೇನೆ ಎಂದು ಮೂರು ಸಲ ಹೇಳಿ ಕಳಿಸಿದೆ. ಮೂರು ಸಲವೂ ಯಾರದೋ ಅರ್ಜಿ ಅಡ್ಡ ಬಂತು. ಆಕೆ ಕೊನೆಗೆ ಹೇಳಿ ಕಳಿಸಿದ ಮಾತನ್ನು ತಂದವನು ನಗುತ್ತ ಒಪ್ಪಿಸಿದ: "ನನ್ನ ತಮ್ಮ ಊರ ಮಂದಿಗೆಲ್ಲ ತಮ್ಮ ಆಗ್ಯಾನಂತ. ನನ್ನ ಸರತಿ ಬಂದಾಗ ಹೇಳ್ರಿ ಅಂತ ಹೇಳು ಅಂದ್ಲ್ರಿ."

ಈ ಮಾತನ್ನು ಕಾಕಾ ಕೂಡ ಕೇಳಿಸಿಕೊಂಡರು. ಅಂದೇ ಸಾವುಕಾರರ ಹದಿನಾರು ಗಾದಿಯ ಪ್ರಸಂಗ ನಡೆದದ್ದು. ಅವರ ಎರಡು ಕೈ ಇದ್ದದ್ದು ಅಕ್ಕನ ಗಾದಿಯ ಮೇಲೆ. ನನಗೆ ಅದು ಆಮೇಲೆ ಗೊತ್ತಾಯಿತು. ಆ ಹತ್ತಿ ನೋಡಿ, ಎಷ್ಟು ಬೆಳ್ಳಗೆ ಬಿಡಿಸಿದ್ದಾಳೆ, ಒಂದು ಒಣ ಎಲೆಯ ಚೂರೂ ಇಲ್ಲ ಎಂದು ಬೆರಳಲ್ಲಿ ತಿರುವುತ್ತ, "ಹೊಟ್ಟ್ಯಾಗಿನ ಕೂಸು ಸಾವುಕಾರನ ಮದುವಿಗೆ ಕಾಯೂದಿಲ್ರಿ," ಅಂದರು. ನನ್ನ ಕಡೆ ತಿರುಗಿ, "ಅರ್ಜಿಗೂ ಕಾಯೂದಿಲ್ಲ."

ಅವರಿಂದ ನಾನು ಇಲ್ಲ ಎನ್ನುವುದನ್ನು ಕಲಿತದ್ದು ಆ ವಾರ, ಪಡಸಾಲೆಯಲ್ಲಿ ಅವರ ಪಕ್ಕ ಕೂತು. ಮೊದಲ ಸಲ ಹೊರಗಿನಿಂದ "ಮಾಸ್ತರ್ರ" ಎಂದಾಗ ನಾನು ಎದ್ದೇಬಿಟ್ಟಿದ್ದೆ. ಕಾಕಾ ಕೊಡತಿಯ ತುದಿಯಿಂದ ನೆಲ ತೋರಿಸಿದರು. ಕೂತೆ. "ಮಾಸ್ತರ್ರ, ಅದೀರೇನ್ರಿ?" ಎರಡೂ ಅಂಗೈ ನೆಲಕ್ಕೆ ಒತ್ತಿ ಕೂತಿದ್ದೆ. ಹೊರಗೆ ಮೆಟ್ಟಿನ ಸದ್ದು ಸ್ವಲ್ಪ ಹೊತ್ತು ಅಲ್ಲೇ ಆಡಿ ದೂರವಾಯಿತು. ಆಗ ನನಗೆ ಬಿಡುಗಡೆಯೇನೂ ಅನ್ನಿಸಲಿಲ್ಲ. ನಾನು ಸತ್ತಿದ್ದೇನೆ ಅನ್ನಿಸಿತು. ಇದ್ದೂ ಓ ಅನ್ನದವನು, ಮನೆಯಲ್ಲಿ ಕೂತು ತನ್ನ ಹೆಸರು ಕೇಳಿಸಿಕೊಳ್ಳುವವನು, ಅವನೇ ಅಲ್ಲವೆ ಜನ ಹೆದರುವುದು? ಕಾಕಾ ಅವರಿಗೆ ಹಾಗೆಂದು ಹೇಳಿದೆ. ಅವರು ಅರಳೆ ಮಗುಚುತ್ತ, ನಾಲ್ಕು ದಿನ ಹಂಗ ಅನ್ನಿಸ್ತೈತಿ ಅಂದರು. ಮರುದಿನ ಅದೇ ಮನುಷ್ಯ ಸಂತೆಯಲ್ಲಿ ಸಿಕ್ಕು ನಮಸ್ಕಾರ ಮಾಡಿದ. ಅರ್ಜಿ ಬೇರೆಯವರಿಂದ ಬರೆಸಿದ್ದನಂತೆ, ಕೆಲಸವೂ ಆಗಿತ್ತಂತೆ. ದೇವರಿಗೆ ಸ್ವಲ್ಪ ಬೇಸರವಾಯಿತು.

ಆ ವಾರ ಹೀಗೆ ಏಳೆಂಟು ಜನ ಎರಡು ಕೂಗಿಗೆ ಹೋದರು. ಮೂರನೆಯದಕ್ಕೆ ನಿಂತವರು ಇಬ್ಬರು; ಇಬ್ಬರದೂ ನಿಜಕ್ಕೂ ಬರೆಯಬೇಕಾದ ಕಾಗದಗಳೇ. ಬರೆದುಕೊಟ್ಟೆ.

ಕೊನೆಯ ದಿನ. ಸಾಲಿಗೆ ರಜೆ. ಮಾರನೆಯ ಬೆಳಿಗ್ಗೆ ನಾನು ತಳಕಲ್ಲಿಗೆ ಹೊರಡುವುದು ಗೊತ್ತಾಗಿತ್ತು, ಬಂಡಿಯೂ ಗೊತ್ತಾಗಿತ್ತು. ಇನ್ನು ಸ್ವಲ್ಪ ಅರಳೆ ಹಿಂಜಿ, ಗವಸಣಿಗೆಯಲ್ಲಿ ತುಂಬಿ, ದಬ್ಬಣದಿಂದ ಹೊಲಿಗೆ ಹಾಕಬೇಕು, ಅಷ್ಟೇ. ಅಕ್ಕನ ಹತ್ತಿ ಛಲೋ ಇದೆ, ಹಳೆಯ ಹುರಿ ಅದಕ್ಕೆ ಸಲ್ಲದು ಎಂದು ಕಾಕಾ ಬಿಲ್ಲಿಗೆ ಹೊಸ ನರ ಬಿಗಿದಿದ್ದರು. ಅದರ ಸದ್ದು ನನ್ನ ಹಲ್ಲಿನಲ್ಲಿ ಇಳಿಯುತ್ತಿತ್ತು. ಹೊರಗೆ ಮಟಮಟ ಮಧ್ಯಾಹ್ನ. ಮುಚ್ಚಿದ ಬಾಗಿಲ ಸಂದಿಯಲ್ಲಿ ಬಿಸಿಲಿನ ಒಂದು ಗೆರೆ, ಗೆರೆಯಲ್ಲಿ ಎಳೆಗಳು ಏಳುತ್ತ ಬೀಳುತ್ತ ಇದ್ದವು.

ಅರಳೆ ಮಗುಚಲೆಂದು ಕಾಕಾ ಕೈ ನಿಲ್ಲಿಸಿದರು. ಆಗ ಹೊರಗಿನಿಂದ ಕರೆದರು.

"ತಮ್ಮಾ."

ನನ್ನ ಅಕ್ಕನ ದನಿ. ಅನುಮಾನವೇ ಇರಲಿಲ್ಲ. ಆಮೇಲೆ ಅನುಮಾನಗಳು ಬಂದವು: ಆ ಸೀಮೆಯಲ್ಲಿ ಯಾವ ಹೆಣ್ಣುಮಗಳೂ ಯಾರನ್ನಾದರೂ ತಮ್ಮಾ ಅನ್ನಬಹುದು. ಆಗ ನಾನು ಎದ್ದೆ. ಕಾಕಾ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ಬಹಳ ಹಗುರವಾಗಿತ್ತು, ಆದರೂ ನಾನು ಬಿಡಿಸಿಕೊಳ್ಳಲಿಲ್ಲ.

"ತಮ್ಮಾ."

"ತಡೀರಿ," ಅಂದರು ಕಾಕಾ, ತುಟಿ ಅಲ್ಲಾಡಿಸದೆ. "ಅಕ್ಕಾರ ಗಾದಿ ಇದು. ಇದನ್ನ ಬಿಟ್ಟು ಎದ್ರ ಯಾರ ಕೆಲಸ ಮಾಡಿದಂಗಾತು?"

ಕಾದೆವು. ಎಳೆಗಳು ಒಂದೊಂದೇ ಕೆಳಗಿಳಿದು ಗೆರೆ ಖಾಲಿಯಾಯಿತು. ಮೂರನೆಯದು ಬರಲಿಲ್ಲ. ಕಾಕಾ ಎದ್ದು ಬಾಗಿಲು ತೆರೆದರು. ಓಣಿಯಲ್ಲಿ ಯಾರೂ ಇಲ್ಲ. ಹೊಸ್ತಿಲ ಹತ್ತಿರ ಓಣಿಯ ನಾಯಿ ಮಲಗಿತ್ತು. ಇರುವೆ ಹರಿದರೂ ಬೊಗಳುವ ನಾಯಿ ಅದು. ಕಿವಿಯನ್ನೂ ಎತ್ತಲಿಲ್ಲ.

ನಾವು ಕೆಲಸಕ್ಕೆ ಮರಳಿದೆವು. ಸಂಜೆಗೆ ಗಾದಿ ಮುಗಿಯಿತು. ಕಾಕಾ ಅದರ ಮೇಲೆ ಅಂಗೈ ಊರಿ ನೋಡಿದರು. ಕೈ ತೆಗೆದ ಕೂಡಲೇ ಗುರುತು ಅಳಿಸಿ ಉಬ್ಬಿಕೊಂಡಿತು. ನನ್ನ ಜೀವನದಲ್ಲಿ ನಾನು ಪೂರ್ತಿ ಕಾದುಕೊಂಡ ಮೊದಲ ಕೆಲಸ ಅದು. ಸಂತೋಷವಾಗಿದ್ದೆ. ಇದನ್ನು ಬರೆಯಬೇಕು ಅನ್ನಿಸುತ್ತದೆ: ಆ ಸಂಜೆ ನಾನು ಬಹಳ ಸಂತೋಷವಾಗಿದ್ದೆ.

ಮುಂಜಾನೆ ಬಂಡಿ ಹೂಡಿ, ಕುಕನೂರು ದಾಟಿ, ತಳಕಲ್ಲು ಮುಟ್ಟುವಾಗ ಮಧ್ಯಾಹ್ನ. ಅಕ್ಕನ ಮನೆಯ ಕಟ್ಟೆಯ ಮೇಲೆ ಜನ ಕೂತಿದ್ದರು. ಅಕ್ಕ ಬೆಳಗಿನ ಜಾವಕ್ಕೆ ಹೋಗಿದ್ದಳು. ಕೂಸು ಬದುಕಿತ್ತು, ಹೆಣ್ಣು. ಹಿಂದಿನ ಸಂಜೆಯವರೆಗೂ ಅಕ್ಕ ಬಾಗಿಲ ಕಡೆ ನೋಡುತ್ತ ಮಾತಾಡುತ್ತಿದ್ದಳಂತೆ.

ಮಾವ, ಅಂದರೆ ಅಕ್ಕನ ಗಂಡ, ನನ್ನನ್ನು ಬೈಯಲಿಲ್ಲ. ಬಂಡಿಯ ಮೇಲಿನ ಗಾದಿಯನ್ನೇ ನೋಡುತ್ತ, "ನಿನ್ನಿ ಆಳು ಕಳಿಸಿದ್ನೆಪ್ಪಾ. ಕೈ ಬಿಡುವಿಲ್ಲ ಅಂದ್ಯಂತ," ಎಂದರು.

ಆಳನ್ನು ಕರೆಸಿದರು. ಅವರ ಹೊಲದಲ್ಲಿ ದುಡಿಯುವ ನಡುವಯಸ್ಸಿನ ಮನುಷ್ಯ. ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ಯಲಬುರ್ಗಿ ಮುಟ್ಟಿ, ಪಿಂಜಾರ ಕಾಕಾನ ಮನೆ ಕೇಳಿಕೊಂಡು ಬಂದೆ ಎಂದ. ಬಾಗಿಲು ಮುಚ್ಚಿತ್ತು, ಒಳಗೆ ಬಿಲ್ಲಿನ ಸದ್ದಿತ್ತು. "ಮೂರು ಸಲ ಕರದ್ನಿರಿ. ಮೂರನೇದಕ್ಕ ಒಳಗಿಂದ ಹೆಣಮಗಳು ಓ ಅಂದ್ಲು. ಕೈ ಬಿಡುವಿಲ್ಲ, ನಾಳಿ ಬರ್ತಾನ ಹೋಗು, ಅಂದ್ಲು. ಬಾಗಿಲಾ ತಗೀಲಿಲ್ರಿ."

ಆ ಮನೆಯಲ್ಲಿ ಹೆಣ್ಣುಮಗಳು ಇಲ್ಲ. ಹಾಲಿನವಳು ಕೂಡ ಹೊಸ್ತಿಲ ಹೊರಗೆ ನಿಂತು ಹಾಲು ಹಾಕಿ ಹೋಗುತ್ತಾಳೆ. ನಾನು ಅದನ್ನು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ನೆಪ ಎಂದು ಕೇಳಿಸುತ್ತಿತ್ತು. ಈ ಆಳು ಯಲಬುರ್ಗಿಗೆ ಬಂದೇ ಇಲ್ಲ, ಕುಕನೂರಿನಲ್ಲಿ ಎಲ್ಲೋ ನೆರಳಿಗೆ ಬಿದ್ದು ಎದ್ದು ಹೋಗಿ ಕತೆ ಕಟ್ಟಿದ್ದಾನೆ ಎಂದು ಮರಳುವಾಗ ಇಡೀ ದಾರಿ ನನಗೆ ನಾನು ಹೇಳಿಕೊಂಡೆ. ಬಿಲ್ಲಿನ ಮಾತು ಅವನು ಊಹಿಸಿರಬಹುದು. ಗಾದಿ ಆಗುತ್ತಿದೆ ಎಂದು ನಾನೇ ಹೇಳಿ ಕಳಿಸಿದ್ದೆ. ನಾಳೆ ಬರುತ್ತಾನೆ ಎಂಬ ಮಾತನ್ನು ಮಾತ್ರ ಹೇಗೆ ಊಹಿಸಿದ?

ಗಾದಿಯ ಮೇಲೆ ಕೂಸನ್ನು ಮಲಗಿಸಿದರು. ಆ ಕೂಸಿನ ಮೈಗೆ ಅದು ಊರಿನಷ್ಟು ದೊಡ್ಡದಾಗಿತ್ತು.

ಅಕ್ಕನ ದಿನಕರ್ಮ ಮುಗಿಸಿ ಯಲಬುರ್ಗಿಗೆ ಬಂದಾಗ ಕಾಕಾ ಬಿಲ್ಲಿನ ಮುಂದೆ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅಕ್ಕನ ಮಾತು ಬಂದಾಗ ಕಣ್ಣು ಒರೆಸಿಕೊಂಡರು, ಎಳೆಗಳು ಒದ್ದೆಯಾಗಿ ಕೆನ್ನೆಗೆ ಅಂಟಿಕೊಂಡವು. ಆಮೇಲೆ ಹುರಿಯನ್ನು ಉಗುರಿನಿಂದ ಮೀಟಿದರು.

"ಹೊಸಾ ನರ ಇತ್ತು, ಮಾಸ್ತರ. ಒಂದು ಕೂಗು ಅದರಾಗ ಹೋಗಿರಬೇಕು. ನಾವು ಎಣಿಸಿದ್ದು ಎರಡನೇದು, ಮೂರನೇದು."

ಆದರೆ ನಾನು ಕೇಳಿದ್ದು ತಮ್ಮಾ ಎಂದು, ಹೆಣ್ಣಿನ ದನಿ ಎಂದೆ. ಕಾಕಾ ನನ್ನ ಮುಖ ನೋಡಿದರು. ಅವರಿಗೆ ಕೇಳಿದ್ದು ಮಾಸ್ತರ್ರ ಎಂದು, ಗಂಡಸಿನ ದನಿ. ಇಬ್ಬರೂ ಒಂದೇ ಅರಳೆಯ ರಾಶಿಯ ಆಚೆ ಈಚೆ ಕೂತಿದ್ದೆವು.

ಆಮೇಲೆ ನಾನು ಆ ಹೆಣ್ಣುಮಗಳ ಮಾತು ಹೇಳಿದೆ. ಕೈ ಬಿಡುವಿಲ್ಲ, ನಾಳಿ ಬರ್ತಾನ.

ಕಾಕಾ ಎದ್ದು ಒಳಕೋಣೆಗೆ ಹೋದರು. ಮರಳಿ ಬಂದು ನಿಂತೇ ಕೇಳಿದರು: "ಹೆಂಗಿತ್ತಂತ ದನಿ?"

ನಾನು ಕೇಳಿಲ್ಲ ಎಂದೆ.

"ಸಣ್ಣದಿತ್ತಂತೋ, ದಪ್ಪ ಇತ್ತಂತೋ?" ತೂಗುವ ಬಿಲ್ಲನ್ನು ಪಕ್ಕಕ್ಕೆ ಸರಿಸಿ, "ಅಲ್ಲೀ ಆಳಿಗೆ ಒಂದು ಕಾಗದ ಬರೀರಿ, ಮಾಸ್ತರ. ದನಿ ಹೆಂಗಿತ್ತು, ಅಷ್ಟ ಕೇಳ್ರಿ."

ಅಷ್ಟು ವರ್ಷದಲ್ಲಿ ಅವರು ನನ್ನಿಂದ ಬರೆಸಬೇಕೆಂದ ಒಂದೇ ಒಂದು ಕಾಗದ ಅದು. ನನಗೆ ಆ ಆಳಿನ ನೆರಳೂ ಬೇಡವಾಗಿತ್ತು. ಅವನು ಬಂದದ್ದು ನಿಜವಾದರೆ ಅಕ್ಕ ಕರೆದಾಗ ನಾನು ಮನೆಯಲ್ಲೇ ಇದ್ದೆ ಎಂದಾಗುತ್ತದೆ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಕಾರಣ ಹೇಳಬಾರದೆಂದು ಕಲಿತಿದ್ದೆ.

"ಆಗೂದಿಲ್ರಿ ಕಾಕಾ," ಎಂದೆ.

ಹಿಡಿಕೆ ಇಲ್ಲದ ಆ ಮಾತನ್ನು ಅವರು ಎಲ್ಲಿಯೂ ಹಿಡಿಯಲು ಯತ್ನಿಸಲಿಲ್ಲ. ಎಂಟು ದಿನ ಬಿಟ್ಟು, ನಾನು ಉಣ್ಣುತ್ತಿದ್ದಾಗ, ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದರು. ಆ ಕಾಗದ, ಎಂದರು. ನಾನು ತಲೆ ಎತ್ತಲಿಲ್ಲ. ಮೂರನೆಯ ಸಲ ಕೇಳಿದ್ದರೆ ಬರೆಯುತ್ತಿದ್ದೆ. ದಿನವೂ ಕಾದೆ. ಅವರು ಕೇಳಲಿಲ್ಲ. ಅವರೇ ನಡೆದು ತಳಕಲ್ಲಿಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಉತ್ತರ ಬೇಕಾಗಿತ್ತೋ, ಉತ್ತರ ಬಾರದಿರುವುದು ಬೇಕಾಗಿತ್ತೋ.

ಅಲ್ಲಿಂದ ಮುಂದೆ ಅವರು ಮೊದಲ ಕೂಗಿಗೇ ಓ ಅನ್ನತೊಡಗಿದರು. ಮೊದಲು ನನಗೆ ನಂಬಿಕೆ ಬರಲಿಲ್ಲ. ಹೊರಗೆ ಯಾರಾದರೂ ಕೆಮ್ಮಿದರೂ "ಬಂದ್ನಿ" ಎಂದು ಕೊಡತಿ ಬಿಸಾಕಿ ಬಾಗಿಲಿಗೆ ಓಡುತ್ತಿದ್ದರು. ತೆರೆದು ನೋಡಿ, ಬಂದವರ ಮುಖ ಕಂಡು, ಮುಖ ಸಣ್ಣದು ಮಾಡಿಕೊಂಡು, ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಊರಿಗೆ ಇದು ತಿಳಿಯಲು ತಡವಾಗಲಿಲ್ಲ. ಪಡಸಾಲೆಯ ತುಂಬ ಯಾರ ಯಾರದೋ ಬಿಚ್ಚಿದ ಗಾದಿಗಳು, ಅರ್ಧ ಹಿಂಜಿದ ರಾಶಿಗಳು. ಯಾವುದೂ ಮುಗಿಯುತ್ತಿರಲಿಲ್ಲ. ಕಾಕಾ ಈಗ ಛಲೋ ಮನುಷ್ಯ ಆಗ್ಯಾರ ಎಂದು ಜನ ಹೇಳಿದರು. ಆ ವರ್ಷ ಒಳಕೋಣೆಯ ಗಾದಿಯನ್ನು ಬಿಚ್ಚಲು ಅವರಿಗೆ ಬಿಡುವಾಗಲಿಲ್ಲ.

ನನ್ನ ಕೋಣೆಯ ಹೊರಗೆ ಈಗ ಯಾರೂ ಕೂಗುತ್ತಿರಲಿಲ್ಲ. ಮಾಸ್ತರ ಗಟ್ಟಿ ಮನುಷ್ಯ ಎಂದು ಹೆಸರಾಗಿತ್ತು. ಸಾಲಿಯ ರಜೆಗಳಲ್ಲೆಲ್ಲ ತಳಕಲ್ಲಿಗೆ ಹೋಗಿ ಅಕ್ಕನ ಮಗಳನ್ನು ನೋಡಿ ಬರುತ್ತಿದ್ದೆ. ಯಾರಿಗಾಗಿಯೂ ಒಂದು ಸಲವೂ ತಪ್ಪಿಸಲಿಲ್ಲ. ಇದನ್ನು ಕಾಕಾ ಅವರಿಂದ ಪಡೆದೆ. ಪಡೆದೆನೋ ತೆಗೆದುಕೊಂಡೆನೋ. ಅವರಲ್ಲಿ ಅದು ಆಮೇಲೆ ಉಳಿದಿರಲಿಲ್ಲ.

ನನಗೆ ಕುಷ್ಟಗಿ ಸಾಲಿಗೆ ವರ್ಗವಾಯಿತು. ಕಾಕಾ ತೀರಿಕೊಂಡ ಸುದ್ದಿ ನಾಲ್ಕೈದು ವರ್ಷದ ಮೇಲೆ, ಗಂಟು ಮೂಟೆ ಕಟ್ಟಿಕೊಂಡು ಜನ ನಿಜಾಮರ ರಾಜ್ಯದ ಗಡಿ ದಾಟುತ್ತಿದ್ದ ಗಡಿಬಿಡಿಯ ದಿನಗಳಲ್ಲಿ, ಅದೇ ಓಣಿಯ ಹಾಲಿನವಳಿಂದ ಸಂತೆಯಲ್ಲಿ ತಿಳಿಯಿತು. ಮಧ್ಯಾಹ್ನ ಹೊತ್ತಿನಲ್ಲಿ ಹೋದರಂತೆ. ಆಕೆ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಓಣಿಯಲ್ಲಿ ಯಾರೂ ಇರಲಿಲ್ಲ, ಯಾರೂ ಕೂಗಿರಲಿಲ್ಲ. ಒಳಗೆ ಬಿಲ್ಲಿನ ಸದ್ದು ನಿಂತಿತು. "ಬಂದ್ನಿ ಅಂದ್ರು ನೋಡ್ರಿ, ಒಮ್ಮಿ. ಹೊರಗ ಬರ್ತಾರೇನೋ ಅಂತ ನಾ ನೋಡಿದ್ನಿ. ಬರಲಿಲ್ಲ." ಸಂಜೆ ಜನ ಬಾಗಿಲು ತಳ್ಳಿ ನೋಡಿದಾಗ ಪಡಸಾಲೆಯಲ್ಲಿ ಇರಲಿಲ್ಲ. ಒಳಕೋಣೆಯಲ್ಲಿ ಸುತ್ತಿಟ್ಟಿದ್ದ ಗಾದಿ ಹಾಸಿತ್ತು. ಅದರ ಒಂದು ಮಗ್ಗುಲಿಗೆ ಮಲಗಿದ್ದರಂತೆ, ಇನ್ನೊಂದು ಮಗ್ಗುಲು ಬಿಟ್ಟು.

ತಳಕಲ್ಲಿನ ಆ ಆಳನ್ನು ನಾನು ಆಮೇಲೆ ಹುಡುಕಿದೆ. ಆತ ಆ ಮನೆ ಬಿಟ್ಟು ಹೋಗಿ ಬಹಳ ದಿನವಾಗಿತ್ತು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ದನಿ ಸಣ್ಣದಿತ್ತೋ ದಪ್ಪಗಿತ್ತೋ ನನಗೆ ಗೊತ್ತಿಲ್ಲ. ಅಕ್ಕನ ಗಾದಿ ಮುಗಿದ ದಿನ ಮಧ್ಯಾಹ್ನ ಕರೆದವರು ಯಾರು, ಎಷ್ಟು ಸಲ ಎಂಬುದೂ ಗೊತ್ತಿಲ್ಲ. ಕಾಕಾ ಬಂದ್ನಿ ಅಂದದ್ದು ಎಷ್ಟನೆಯ ಕೂಗಿಗೆ ಎಂಬುದು ಗೊತ್ತಿಲ್ಲ.